ಅರಿಶಿನದ ಮುಖ

ಡರ್ಹಮ್, 9 ಅಕ್ಟೋಬರ್ 2023

ಗುರುದತ್ ಅವರಿಗೆ ವರಲಕ್ಷ್ಮಿಯ ನಮಸ್ಕಾರ.

ಇವರ ವೈಕುಂಠ ಸಮಾರಾಧನೆಗೆ ನೀವು ಬಂದಾಗ ಹೇಳಲಾಗಲಿಲ್ಲ. ನಮ್ಮ ಯಜಮಾನರ ಷಷ್ಟಿಪೂರ್ತಿಗೆ ನೀವು ಕೊಟ್ಟ ಇಂಗ್ಲಿಷರ ವ್ಯಂಗ್ಯಚಿತ್ರವನ್ನು ದಯವಿಟ್ಟು ವಾಪಸ್ ತೆಗೆದುಕೊಂಡು ಹೋಗಿ. ಇನ್ನೂರು ವರ್ಷದ್ದು, ಕೈಯಲ್ಲೇ ಬಣ್ಣ ತುಂಬಿದ್ದು ಎಂದಿದ್ದಿರಿ. ಗಾಜು ಒಡೆಯದಂತೆ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದೇನೆ.

ಅದರಲ್ಲಿ ದಪ್ಪ ವೈದ್ಯ ಕೋಳಿ ತಿನ್ನುತ್ತಾ ರೋಗಿಯ ನಾಡಿ ಹಿಡಿದಿದ್ದಾನಲ್ಲ, ಆ ರೋಗಿಯ ಮುಖ ಹಳದಿ. ಇವರು ಅದರ ಪಕ್ಕ ನಿಂತಾಗ, "ನೋಡ್ರೀ, ಇಬ್ರೂ ಒಂದೇ ಕಲರ್!" ಅಂದವಳು ನಾನೇ. ಎಲ್ಲರೂ ನಕ್ಕೆವು. ನೀವು ಫೋಟೊ ತೆಗೆದಿರಿ.

ಬೆಳಗ್ಗೆ ಶಾಸ್ತ್ರಕ್ಕೆ ಹಚ್ಚಿದ ಅರಿಶಿನ ಅಂದುಕೊಂಡೆ. ಮೂರು ವಾರ ದಿನವೂ ಕಡಲೆಹಿಟ್ಟು ಹಚ್ಚಿ ತೊಳೆಸಿದೆ. "ಹೋಗ್ತಾನೇ ಇಲ್ವಲ್ಲೇ," ಅನ್ನುತ್ತಿದ್ದರು. ಕಾಮಾಲೆ ಎಂದು ಗೊತ್ತಾದದ್ದು ಡಾಕ್ಟರು ಕಣ್ಣು ನೋಡಿದ ಮೇಲೆ. ಸ್ಕ್ಯಾನಿನಲ್ಲಿ ಕ್ಯಾನ್ಸರ್ ಎಂದು ಬಂದದ್ದು ನಿಮಗೆ ಗೊತ್ತೇ ಇದೆ.

ನಿಮ್ಮ ಊರು ಫೋರ್ಟ್ ಮಿಲ್‌ನಿಂದ ಬರುವ ದಿನ ಊಟ ಇಲ್ಲೇ ಮಾಡಿ. ಚಿತ್ರ ಇದ್ದ ಮೊಳೆಗೆ ಇವರ ಫೋಟೊ ಹಾಕಬೇಕು. ಅಂದು ನೀವು ತೆಗೆದದ್ದೇ ಕೊನೆಯದು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ತನ್ನಿ.

ಮುಖದ ಬಣ್ಣ ಮಾತ್ರ ತಿದ್ದಿಸಬೇಡಿ.

ಇತಿ,
ವರಲಕ್ಷ್ಮಿ ಶೇಷಾದ್ರಿ