ತಿಪ್ಪವ್ವ ಅಂದರೆ ಓ ಅನ್ನುವವಳಿಗೆ

ಅಕ್ಕಾ,

ಮುಂಬಯಿಯ ಅದೇ ಲಾಡ್ಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಹಜ್ಜಿಗೆ ಹೋಗುವಾಗ ಇಳಿದಿದ್ದ ಕೋಣೆ ಈಗ ಸಿಗಲಿಲ್ಲ, ಅದರ ಪಕ್ಕದ್ದು ಸಿಕ್ಕಿದೆ. ನಾಳೆ ಮಧ್ಯಾಹ್ನ ರೈಲು. ಅಲ್ಲಿಯವರೆಗೆ ಏನು ಮಾಡುವುದು? ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗುವುದೋ ತಿಳಿಯುವುದಿಲ್ಲ. ನಿನ್ನ ತಮ್ಮನ ಹೆಂಡತಿ ಮೀರಾಂಬಿ ಕೆಮ್ಮುತ್ತಾ ಮಲಗಿದ್ದಾಳೆ. "ಅಕ್ಕನಿಗೆ ಒಂದು ಕಾಗದ ಬರೀತೀನಿ" ಅಂದೆ. "ಬರೀರಿ ಬರೀರಿ, ಸೊರಬದ ಅಂಚೆಯೋನು ಅದನ್ನ ಗೋರಿ ಮೇಲೆ ಇಟ್ಟು ಬರ್ಲಿ" ಅಂದಳು. ನೀನು ಹೋದಮೇಲೆ ನಿನ್ನ ವಿಷಯಕ್ಕೆ ಬಂದರೆ ಮಾತ್ರ ಅವಳ ನಾಲಿಗೆಗೆ ಮೊದಲಿನ ಖಾರ ಬರುತ್ತದೆ. ನೀನಿದ್ದಿದ್ದರೆ ಇದಕ್ಕೆ ಸರಿಯಾದ ಉತ್ತರ ಕೊಡುತ್ತಿದ್ದೆ.

ಹೊರಡುವ ಹಿಂದಿನ ವಾರ ಊರಿನ ಪೇಶ್ ಇಮಾಮರು ಕರೆದು ಹೇಳಿದ್ದು ನೆನಪಾಗುತ್ತದೆ. "ಹಜ್ಜಿನ ಆಸೆ ಇಟ್ಟುಕೊಂಡು, ಅದಕ್ಕಾಗಿ ದುಡಿದು ಕೂಡಿಟ್ಟು ತೀರಿಕೊಂಡವರ ಬದಲಿಗೆ ರಕ್ತಸಂಬಂಧಿ ಹೋಗಬಹುದು. ಆದರೆ ನಿಯತ್ತು, ಮನಸ್ಸಿನ ಸಂಕಲ್ಪ, ಪೂರಾ ಅವರ ಹೆಸರಿನದೇ ಇರಬೇಕು. ಆ ಹಜ್ಜು ಅವರದು, ನಿಮ್ಮದಲ್ಲ." ನಾನು ತಲೆ ಆಡಿಸಿದೆ. ಗಾದಿ ಹೊಲಿಯುವ ನಿನ್ನ ಸೂಜಿಯಲ್ಲಿ ಕೂಡಿದ ಹಜ್ಜು ನಿನ್ನದಾಗದೆ ಇನ್ನಾರದು? ನಾನು ನಿನ್ನ ಕಾಲು, ಅಷ್ಟೆ. ಮೀರಾಂಬಿ ತವರಿನ ಪಾಲಿನಲ್ಲಿ ತನ್ನ ಹಜ್ಜಿಗೆ ತಾನು ಹೊರಟಳು. ಹೆಸರಿನದು ಅಂದಾಗ ಹೆಸರೇ ತೊಡರುಗಾಲು ಆದೀತು ಅಂತ ಆವತ್ತು ಯಾರಿಗೆ ಗೊತ್ತಿತ್ತು...

ಮೊದಲ ಸಲ ಈ ಲಾಡ್ಜಿನ ಮೆಟ್ಟಿಲು ಹತ್ತಿದ್ದು ಕಣ್ಣ ಮುಂದೆ ಇದೆ. ಹಜ್ಜಿನವರು ಇಳಿಯುವ ಮುಸಾಫಿರಖಾನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕೂಲಿಯವನು ಗಂಟುಗಳನ್ನು ತಲೆ ಮೇಲೆ ಹೊತ್ತು ಒಂದು ಗಲ್ಲಿಯಿಂದ ಇನ್ನೊಂದು ಗಲ್ಲಿಗೆ ಓಡಿದ, ನಾವು ಅವನ ಹಿಂದೆ. ಗೋಡೆ ಮೇಲೆ "ಕೋಣೆಯಲ್ಲಿ ಅಡುಗೆ ಮಾಡಬಾರದು" ಅಂತ ಬೋರ್ಡು, ಪ್ರತಿ ಬಾಗಿಲ ಹಿಂದೆ ಸ್ಟೋವಿನ ಭುಸ್ಸೆನ್ನುವ ಸದ್ದು. ಇಡೀ ಮಹಡಿಗೆ ಒಂದು ನಲ್ಲಿ. ಮಂಚದ ಗಾದಿ ಮುಟ್ಟಿ ನೋಡಿದೆ. ಹತ್ತಿ ಎಲ್ಲ ಒಂದು ಮೂಲೆಗೆ ಗಂಟು ಕಟ್ಟಿ ಕೂತಿತ್ತು, ಉಳಿದ ಕಡೆ ಬರೀ ಬಟ್ಟೆ. ಎರಡು ದಿನ ತಡೆದುಕೊಂಡೆ, ಮೂರನೆಯ ದಿನ ಹೊಲಿಗೆ ಬಿಚ್ಚಲು ಕೂತೆ. "ಏನ್ರೀ, ಹಜ್ಜಿಗೆ ಬಂದೀರೋ, ಪಿಂಜಾರಿಕೆಗೆ ಬಂದೀರೋ?" ಅಂತ ಮೀರಾಂಬಿ ಕೈಯಿಂದ ಕತ್ತರಿ ಕಿತ್ತುಕೊಂಡಳು. ನೀನಾಗಿದ್ದರೆ ಇನ್ನೊಂದು ತುದಿ ಹಿಡಿದು ಕೂರುತ್ತಿದ್ದೆ, ಅಲ್ಲವಾ?

ದಿನಾ ಬೆಳಿಗ್ಗೆ ಕೆಳಗೆ ಹೋಗಿ ಮ್ಯಾನೇಜರನ್ನು ಜಹಾಜು ಯಾವಾಗ ಅಂತ ಕೇಳುತ್ತಿದ್ದೆ. ಅವನು ತಲೆ ಎತ್ತದೆ "ಹೋಗಾ, ಹೋಗಾ" ಅನ್ನುತ್ತಿದ್ದ. ಆಗುತ್ತೆ, ಆಗುತ್ತೆ ಅಂತ ಅವನ ಮಾತಿನ ಅರ್ಥ. ಮೀರಾಂಬಿಗೆ ಎಲ್ಲಿಯ ಉರ್ದು! ನಮ್ಮದು ಹುಟ್ಟಿದಾಗಿನಿಂದ ಕನ್ನಡದ ಮನೆ. ಒಂದು ದಿನ ಅವಳೂ ಜೊತೆಗೆ ಬಂದಿದ್ದಳು. "ವಯಸ್ಸಾದೋರಿಗೆ ಹೋಗಾ ಹೋಗಾ ಅಂತಾನಲ್ರೀ, ಬಾಡಿಗೆ ಕೊಟ್ಟಿಲ್ವಾ ನಾವು? ಇವನ ಮನೆ ಜಗಲಿ ಮೇಲೆ ಕೂತೀವಾ?" ಅಂತ ತಿರುಗಿಬಿದ್ದಳು. ಅವನು ಬೆಪ್ಪಾಗಿ ನೋಡಿದ. ನನಗೆ ನಗು. ಆಮೇಲೆ ಯೋಚಿಸಿದರೆ, ಒಂದು ಮಾತು ಒಂದು ಕಿವಿಗೆ ಒಂದು ಥರ, ಇನ್ನೊಂದು ಕಿವಿಗೆ ಇನ್ನೊಂದು ಥರ. ನಿನ್ನ ಹೆಸರಿಗೆ ಆದದ್ದೂ ಅದೇ.

ಒಂದು ಸಂಜೆ ನಮಾಜು ಮುಗಿಸಿ ಗಂಡಸರೆಲ್ಲ ಪಡಸಾಲೆಯಲ್ಲಿ ಚಾಪೆ ಹಾಕಿ ಕೂತಿದ್ದೆವು. ಧಾರವಾಡದ ಕಡೆಯ ಒಬ್ಬರು ಉರ್ದು ಶಾಲೆಯ ಮಾಸ್ತರರು ಇದ್ದರು, ಕೆಲಸದಿಂದ ನಿವೃತ್ತರಾದವರು, ಸಂಭಾವಿತರು. ಹಜ್ಜಿನ ಕ್ರಮ ಗೊತ್ತಿಲ್ಲದ ನಮ್ಮಂಥವರಿಗೆ ಅವರೇ ಪಾಠ ಹೇಳುತ್ತಿದ್ದರು. ನಾನು ಅಕ್ಕನ ಬದಲಿಗೆ ಹೊರಟವನು ಅಂದೆ.

"ಭಾಳ ಛಲೋ ಆತು. ಏನ್ ಹೆಸರ್ರೀ ಅಕ್ಕಾರದು?"

"ತಿಪ್ಪವ್ವ."

ಅವರು ಕಿವಿಗೆ ಕೈ ಇಟ್ಟರು. "ತೈಯಬಾ? ಮಾಷಾ ಅಲ್ಲಾಹ್! ಪಾಕ್ ಇದ್ದಾಕಿ, ಶುದ್ಧ ಇದ್ದಾಕಿ ಅಂತ ಅರ್ಥ. ಎಂಥಾ ಹೆಸರ ಇಟ್ಟಾರ ನಿಮ್ಮವ್ವ!"

"ಅಲ್ರೀ ಮಾಸ್ತರ್ರೇ, ತಿಪ್ಪವ್ವ. ತಿಪ್ಪೆ, ತಿಪ್ಪೆ. ಗೊಬ್ಬರದ ತಿಪ್ಪೆ."

ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ ಒಬ್ಬರಿಗೆ ಬಾಯಲ್ಲಿದ್ದ ಚಹಾ ನೆತ್ತಿಗೆ ಹತ್ತಿತು. "ಸಾಬ್ರ, ಕಾಬಾದ ಮುಂದ ನಿಂತು ತಿಪ್ಪಿ ಹೆಸರು ಹೇಳಾವ್ರೇನ್ರೀ?" ಅಂದರು. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ನನ್ನ ತೊಡೆ ಮೇಲೆ ಕೈ ಇಟ್ಟು, "ಬ್ಯಾಸರ ಮಾಡ್ಕೋಬ್ಯಾಡ್ರಿ. ಹೊಲಸು ಹೆಸರಿದ್ರ ಬದಲ್ ಮಾಡೋದು ನಮ್ಮಲ್ಲಿ ಹಿಂದಿನಿಂದ ಬಂದದ್ದ ಐತಿ. ನನ್ನ ಕಿವಿಗೆ ತೈಯಬಾ ಅಂತ ಬಿದ್ದದ್ದು ಒಂದು ಇಶಾರೆ ಅಂತ ತಿಳ್ಕೋರಿ. ಅದ ಇರ್ಲಿ" ಅಂದರು. ಮರುದಿನದಿಂದ ಇಡೀ ಲಾಡ್ಜಿಗೆ ನೀನು ತೈಯಬಾ ಬೀ. ನಲ್ಲಿಯ ಹತ್ತಿರ ಸಿಕ್ಕವರೂ "ನಿಮ್ಮ ತೈಯಬಾ ಬೀಗೂ ದುವಾ ಮಾಡೀವಿ" ಅನ್ನತೊಡಗಿದರು. ಅಷ್ಟು ಪ್ರೀತಿಯಿಂದ ಅಂದರೆ ಬೇಡ ಅನ್ನುವುದು ಹೇಗೆ?

ನಾನು ಪ್ರಯತ್ನ ಮಾಡಲಿಲ್ಲ ಅಂದುಕೊಳ್ಳಬೇಡ. ಮಂಚದ ಮೇಲೆ ಕೂತು, ಕಣ್ಣು ಮುಚ್ಚಿ, ತೈಯಬಾ ಅಂತ ನಿನ್ನನ್ನು ನೆನೆಯಲು ನೋಡಿದೆ. ಯಾರೋ ಬೇರೆ ಹೆಂಗಸು ಬಂದು ನಿಂತಳು. ಬೆಳ್ಳನೆಯ ದುಪ್ಪಟ್ಟಿ, ನುಣ್ಣನೆಯ ಕೈ, ತಗ್ಗಿದ ದನಿ. ಒಳ್ಳೆಯವಳೇ ಇರಬೇಕು ಪಾಪ. ಆದರೆ ಅವಳ ರೆಪ್ಪೆಯ ಮೇಲೆ ಹತ್ತಿಯ ಎಳೆ ಇರಲಿಲ್ಲ, ಸೆರಗಿನ ತುದಿಯಲ್ಲಿ ದಬ್ಬಣ ಚುಚ್ಚಿರಲಿಲ್ಲ. ಸೊರಬದ ಕಡೆಯ ಉಳವಿಯಲ್ಲಿ ಗಾದಿ ಹೊಲಿದು, ಉಳಿದ ಹತ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾ ಕುಪ್ಪಗಡ್ಡೆಗೆ ನಡೆದವಳು ಅವಳಲ್ಲ. ಹಜ್ಜು ಆ ಹೆಂಗಸಿಗೆ ಸೇರಿಬಿಟ್ಟರೆ? ನೀನು ಹೊಲಿದು ಹೊಲಿದು ಬೆರಳು ಸೊಟ್ಟಗಾದದ್ದು ಯಾವಳೋ ತೈಯಬಾಳ ಲೆಕ್ಕಕ್ಕೆ ಹೋಗಿಬಿಟ್ಟರೆ... ದೇವರಿಗೆ ಎಲ್ಲ ಗೊತ್ತಾಗುತ್ತದೆ, ನಿಜ. ನನಗೆ ಗೊತ್ತಾಗಬೇಡವಾ?

ನಿನ್ನ ಹೆಸರಿನ ಕಥೆ ನೀನೇ ಎಷ್ಟು ಸಲ ಹೇಳಿದ್ದೆ. ನಿನಗಿಂತ ಮುಂಚೆ ಹುಟ್ಟಿದ ಮೂರೂ ಕೂಸುಗಳು ಉಳಿಯಲಿಲ್ಲ. ನೀನು ಹುಟ್ಟಿದ ಕೂಡಲೇ ಸೂಲಗಿತ್ತಿ ನಿನ್ನನ್ನು ಮೊರದಲ್ಲಿ ಹಾಕಿ ಹಿತ್ತಿಲ ತಿಪ್ಪೆ ಮೇಲೆ ಇಟ್ಟು ಬಂದಳಂತೆ. ಪಕ್ಕದ ಮನೆ ಗೌಡರ ರುದ್ರವ್ವ, ಹಣೆ ತುಂಬ ವಿಭೂತಿಯ ಆ ಅಜ್ಜಿ, ಏನೂ ಗೊತ್ತಿಲ್ಲದವಳ ಹಾಗೆ ಬಂದು, "ಅಯ್ಯೋ, ತಿಪ್ಪಿ ಮ್ಯಾಲೆ ಯಾರೋ ಕೂಸು ಒಗೆದು ಹೋಗ್ಯಾರೆ, ಬೇಕಾದ್ರೆ ತಗಳವ್ವ" ಅಂತ ನಮ್ಮವ್ವನ ಬಾಗಿಲಿಗೆ ತಂದಳು. ಅವ್ವ ಒಂದು ಮೊರ ತವುಡು ಕೊಟ್ಟು ತನ್ನ ಮಗಳನ್ನೇ ಕೊಂಡುಕೊಂಡಳು. ಕಸ ಅಂದುಕೊಂಡು ಸಾವು ಮುಟ್ಟದೆ ಹೋಗಲಿ ಅಂತ. ಹೋಯಿತು ಕೂಡ. ನಿನ್ನ ಬೆನ್ನಿಗೆ ನಾನು ಬಂದೆ, ನನ್ನ ಬೆನ್ನಿಗೆ ಅವ್ವ ಹೋದಳು. ಹುಟ್ಟಿದಾಗ ಅಜಾನಿನ ಜೊತೆ ನಿನ್ನ ಕಿವಿಯಲ್ಲಿ ಬೇರೆ ಹೆಸರು ಹೇಳಿರಬೇಕಲ್ಲವಾ ಅಂತ ಒಮ್ಮೆ ಕೇಳಿದ್ದೆ. "ಬಟ್ಟೆ ಕಟ್ಟಿದ ಕೂಸಿಗೆ ಏನು ನೆನಪಿರ್ತೈತೋ ಪೆದ್ದಾ! ಎಲ್ಲರೂ ಕರೆದದ್ದು ತಿಪ್ಪವ್ವ ಅಂತ, ನಾನು ಓ ಅಂದದ್ದೂ ಅದಕ್ಕೇ" ಅಂದಿದ್ದೆ.

ಜಹಾಜಿನ ದಿನ ಗೊತ್ತಾಯಿತು. ದೇವಿಯ ಬೇನೆಗೆ, ಕಾಲರಾಕ್ಕೆ ಅಂತ ಸೂಜಿ ಚುಚ್ಚಿಸಿಕೊಂಡು ಎಲ್ಲರ ತೋಳೂ ಊದಿಕೊಂಡಿತ್ತು. ನನಗೆ ಜ್ವರಕ್ಕಿಂತ ಹೆಚ್ಚಾಗಿ ಈ ಹೆಸರಿನದೇ ಕಾವು. ಮೆಟ್ಟಿಲು ಇಳಿಯುವುದು, ಗಲ್ಲಿಯ ತುದಿವರೆಗೆ ಹೋಗುವುದು, ಮತ್ತೆ ಹತ್ತುವುದು. "ಈ ಮೆಟ್ಟಿಲ ಮೇಲೇ ನಿಮ್ಮ ಸಫಾ ಮರ್ವಾ ಗುಡ್ಡದ ಓಡಾಟ ಮುಗೀತದೆ" ಅಂತ ಮೀರಾಂಬಿ ಬೈದಳು. ಆ ಬೆಳಿಗ್ಗೆ ಮಾಸ್ತರರು ಪಡಸಾಲೆಯಲ್ಲಿ ಲಬ್ಬೈಕ್ ಹೇಳಿಕೊಡುತ್ತಿದ್ದರು. ಹೆಂಗಸರು ಬಾಗಿಲ ಮರೆಯಲ್ಲಿ ಕೂತು ಕೇಳುತ್ತಿದ್ದರು. ಅದರ ಅರ್ಥ ಏನು ಅಂತ ಯಾರೋ ಕೇಳಿದರು.

"ಮಾಲೀಕ ಕರೀತಾನ. ನಾವು 'ಓ, ಬಂದ್ನಿ' ಅಂತೀವಿ. ಅಷ್ಟರೀ" ಅಂದರು ಮಾಸ್ತರರು.

ಬಾಗಿಲ ಹಿಂದಿನಿಂದ ಮೀರಾಂಬಿಯ ದನಿ ಬಂತು. "ಮಾಸ್ತರ್ರೇ, ಒಂದು ಮಾತು ಕೇಳ್ಲಾ?"

"ಕೇಳವ್ವ."

"ಕರೆದೋರಿಗೆ ಓ ಅನ್ನಬೇಕು ಅಂದ್ರಲ್ಲ. ತೈಯಬಾ ಅಂತ ಕರೆದ್ರೆ ನಮ್ಮತ್ತಿಗೆ ಓ ಅಂತಾರಾ? ಮೂವತ್ತು ವರ್ಷ ಅವರ ಜೊತೆ ಜಗಳ ಆಡಿದೀನಿ. ತಿಪ್ಪವ್ವ ಅಂತ ಕೂಗಿದ್ರೇ ಎರಡು ಸಲಕ್ಕೆ ಒಂದು ಸಲ ತಿರುಗಿ ನೋಡ್ತಿದ್ರು. ತೈಯಬಾ ಅಂದ್ರೆ, ಪಕ್ಕದ ಮನೆಯೋರನ್ನ ಕರೀತಿದಾರೆ ಅಂತ ಸುಮ್ಮನೆ ಹೊಲಿಗೆ ಹಾಕ್ತಾ ಕೂತುಬಿಡ್ತಾರೆ, ನೋಡ್ರಿ!"

ವ್ಯಾಪಾರಿ ನಗಲು ಬಾಯಿ ತೆರೆದರು. ಅವಳು ಬಿಡಲಿಲ್ಲ. "ತಿಪ್ಪೆ ಅಂದ್ರೆ ನಗ್ತೀರಿ. ನೀವು ಉಣ್ಣೋ ಅನ್ನ ಎಲ್ಲಿಂದ ಬರ್ತದೆ? ತಿಪ್ಪೆ ಇಲ್ದೆ ಗದ್ದೆ ಬೆಳೀತದಾ? ಹೆತ್ತೋಳು ಮೂರು ಕೂಸು ಮಣ್ಣಿಗಿಟ್ಟು, ಇದೊಂದಾದ್ರೂ ಉಳೀಲಿ ಅಂತ ಇಟ್ಟ ಹೆಸರದು. ಅದು ದುವಾ ಅಲ್ವಾ?"

ಅಕ್ಕಾ, ನಿನ್ನ ಪರವಾಗಿ ನಿಂತವಳು ಅವಳು. ನೀನಿದ್ದಾಗ ಅಕ್ಕಿಯಲ್ಲಿ ಹತ್ತಿ ಎಳೆ ಸಿಕ್ಕರೆ ಸಾಕು, ಊರಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದವಳು. ಮಾಸ್ತರರು ಟೋಪಿ ತೆಗೆದು ತಲೆ ಸವರಿಕೊಂಡರು. "ನನಗ ತಿಳೀವಲ್ದವ್ವ. ಪುಸ್ತಕದಾಗ ಇದಕ್ಕ ಜವಾಬು ನಾ ಓದಿಲ್ಲ" ಅಂದರು. ನನ್ನ ಕಡೆ ತಿರುಗಿ, "ಆ ಹೊತ್ತಿಗೆ ನಿಮ್ಮ ನಾಲಿಗಿಗೆ ಯಾವ ಹೆಸರು ಬರ್ತದ, ಅದನ್ನ ಹೇಳ್ರಿ. ನಾ ತಡಿಯಂಗಿಲ್ಲ" ಅಂದರು. ಸಮಾಧಾನ ಆಯಿತು ಅಂದುಕೊಂಡೆಯಾ? ಇಲ್ಲ. ತೂಕವೆಲ್ಲ ನನ್ನ ನಾಲಿಗೆಯ ಮೇಲೆ ಬಂದು ಕೂತಿತು.

ಸಮುದ್ರದ ಮಧ್ಯೆ ಜಹಾಜಿನ ಸೀಟಿ ಊದಿದ್ದು ಈಗಲೂ ಕಿವಿಯಲ್ಲಿದೆ. ಯಲಮ್‌ಲಮ್ ಅನ್ನುವ ಗಡಿ ಬಂತು, ಇಲ್ಲಿಂದಲೇ ನಿಯತ್ತು ಕಟ್ಟಬೇಕು ಅಂದರು. ಗಂಡಸರೆಲ್ಲ ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆಯಲ್ಲಿ ನಿಂತಿದ್ದೆವು. ಜೀವಮಾನ ಪೂರ್ತಿ ಹೊಲಿದವರ ಮನೆಯವನಿಗೆ ಹೊಲಿಗೆ ಇಲ್ಲದ ಬಟ್ಟೆ! ಗಾಳಿ ಅದನ್ನು ಎಳೆಯುತ್ತಿತ್ತು, ಒಂದು ಕೈಯಲ್ಲಿ ಅದನ್ನೇ ಹಿಡಿದುಕೊಂಡಿದ್ದೆ. ಎಡಕ್ಕೆ ಮಾಸ್ತರರು, ಬಲಕ್ಕೆ ಹುಬ್ಬಳ್ಳಿಯ ವ್ಯಾಪಾರಿ. ಆ ಕ್ಷಣಕ್ಕೆ ಬೆಳ್ಳನೆಯ ದುಪ್ಪಟ್ಟಿಯವಳು ಬಂದಾಳು ಅಂತ ಹೆದರಿದ್ದೆ. ಬರಲಿಲ್ಲ. ನೀನು ಬಂದೆ, ಬೈಯುತ್ತಲೇ ಬಂದೆ. "ತಿಪ್ಪವ್ವನ ಬದಲಿಗೆ, ನನ್ನ ಅಕ್ಕ ತಿಪ್ಪವ್ವನ ಬದಲಿಗೆ, ಓ ಬಂದೆ" ಅಂತ ಕನ್ನಡದಲ್ಲೇ ಕೂಗಿದೆ. ಆಮೇಲೆ ಲಬ್ಬೈಕ್. ವ್ಯಾಪಾರಿ ನನ್ನ ಕಡೆ ನೋಡಿದರು. ನಗಲಿಲ್ಲ.

ಹಜ್ಜಿನ ದಿನ ಅರಫಾತಿನ ಬಯಲಿನ ಬಿಸಿಲಲ್ಲಿ ಆದದ್ದನ್ನು ಹೇಳದೆ ಹೇಗಿರಲಿ? ಎಲ್ಲರೂ ಕೈ ಎತ್ತಿ ನಿಂತು ತಮ್ಮ ತಮ್ಮವರನ್ನು ನೆನೆಯುತ್ತಿದ್ದರು. ಮಾಸ್ತರರು ನನ್ನಿಂದ ನಾಲ್ಕು ಮಾರು ದೂರದಲ್ಲಿದ್ದರು, ಕಣ್ಣು ಮುಚ್ಚಿದ್ದರು. ತಂದೆಯ ಹೆಸರು, ತಾಯಿಯ ಹೆಸರು, ತೀರಿಹೋದ ಮಗನ ಹೆಸರು ಹೇಳಿದರು. ಆಮೇಲೆ, ತಪ್ಪಿಲ್ಲದೆ, ಒತ್ತಕ್ಷರ ಬಿಡದೆ, "ತಿಪ್ಪವ್ವ" ಅಂದರು. ನಾನು ಕೇಳಿಸಿಕೊಂಡದ್ದು ಅವರಿಗೆ ಗೊತ್ತಿಲ್ಲ. ಮೀರಾಂಬಿಗೂ ಹೇಳಿಲ್ಲ. ನಿನಗೇ ಮೊದಲು ಹೇಳುತ್ತಿದ್ದೇನೆ.

ಇಷ್ಟೆಲ್ಲ ಆದಮೇಲೂ ಯಾಕೆ ಈ ಚಡಪಡಿಕೆ ಅನ್ನುತ್ತೀಯಾ? ಇವತ್ತು ಬೆಳಿಗ್ಗೆ ಅದೇ ಮ್ಯಾನೇಜರು, ಈಗ ಎದ್ದು ನಿಂತು, "ಹಾಜಿ ಸಾಬ್, ಚಾಯ್?" ಅಂದ. ನಾನು ಹಿಂದೆ ತಿರುಗಿ ಯಾರು ಬಂದರು ಅಂತ ನೋಡಿದೆ. ಹಿಂದೆ ಮೀರಾಂಬಿ ನಿಂತಿದ್ದಳು. ಆಗ ಹೊಳೆಯಿತು. ಹಾಜಿ ಅನ್ನುವ ಆ ದೊಡ್ಡ ಹೆಸರು ನನ್ನದಲ್ಲ, ಅದಕ್ಕೆ ನಾನು ಓ ಅಂದರೆ ನಿನ್ನದನ್ನು ಕಸಿದ ಹಾಗೆ. ನನ್ನ ಪಾಲಿನ ಹಜ್ಜು ಹಾಗೇ ಉಳಿಯಿತು, ಇನ್ನೊಮ್ಮೆ ಆಗುವ ವಯಸ್ಸೂ ಅಲ್ಲ. ನೋವಿಲ್ಲ ಅಂದರೆ ನೀನು ನಂಬುವುದಿಲ್ಲ. ಸ್ವಲ್ಪ ಇದೆ, ಗಾದಿಯಲ್ಲಿ ಉಳಿದ ಹತ್ತಿಬೀಜದ ಹಾಗೆ, ಮಗ್ಗುಲು ಬದಲಿಸಿದಾಗ ಒತ್ತುತ್ತದೆ.

ಹಾವೇರಿಯಲ್ಲಿ ರೈಲಿಳಿದು ಬಸ್ಸು ಹಿಡಿದರೆ, ಶಿಕಾರಿಪುರದ ಸ್ಟ್ಯಾಂಡಿನಲ್ಲಿ ನಮ್ಮ ಜನ ಹಾರ ಹಿಡಿದು ನಿಂತಿರುತ್ತಾರೆ. ಮೀರಾಂಬಿ ಕೊರಳೊಡ್ಡಲಿ, ಅದು ಅವಳ ಹಕ್ಕು. ಈಗ ನಮ್ಮ ಮನೆಯಲ್ಲಿ ಹಾಜಿಗಳು ಇಬ್ಬರು, ಅವಳು ಮತ್ತು ನೀನು. ಜಗಳಕ್ಕೂ ಸಮ ಆದಿರಿ. ನನಗೆ ತಂದ ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳುವುದಿಲ್ಲ, ಕೈಯಲ್ಲಿ ಹಿಡಿದು ಮನೆಗೂ ಹೋಗದೆ ನಿನ್ನ ಗೋರಿಯಿರುವ ಸೊರಬದ ಬಸ್ಸು ಹತ್ತುತ್ತೇನೆ. ತಾಳಗುಂದದ ಹತ್ತಿರ ಹತ್ತಿದವರು ಯಾರಾದರೂ, "ಸಾಬ್ರೇ, ಯಾರಿಗೆ ಹಾರ?" ಅಂತ ಕೇಳಿಯೇ ಕೇಳುತ್ತಾರೆ. ಬಸ್ಸಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ, ಹಾಜಿ ತಿಪ್ಪವ್ವನಿಗೆ ಅಂತ.

ನಿನ್ನ ತಮ್ಮ,
ಬರೀ ಇಮಾಮ