ಏಳು ಹೊಲಿಗೆ

ಪ್ರೀತಿಯ ಅಪ್ಪನಿಗೆ,

ನಾನು ಕ್ಷೇಮ. ಅದನ್ನೇ ಮೊದಲು ಬರೆದಿದ್ದೇನೆ. ಮುಂದಿನದನ್ನು ಕೂತುಕೊಂಡು ಓದಿ.

ಇವತ್ತು ಬೆಳಿಗ್ಗೆ ಹನ್ನೊಂದು ಸಾವಿರ ವೋಲ್ಟಿನ ತಂತಿಯ ಕೆಲಸವಿತ್ತು. ಅವಸರದಲ್ಲಿ ರಬ್ಬರಿನ ಕೈಗವಸು ತೊಟ್ಟು ಏಣಿಗೆ ಕಾಲಿಟ್ಟೆ. ಮೇಸ್ತ್ರಿ ತಡೆದರು.

“ಗಾಳಿ ತುಂಬಿ ನೋಡಿದ್ಯೇನಮ್ಮಾ?”

“ಹೋದ ವಾರ ನೋಡಿದ್ದೆ, ಸರಿಯಾಗೇ ಇತ್ತು.”

“ಹೋದ ವಾರದ ಊಟ ಇವತ್ತಿನ ಹಸಿವಿಗೆ ಆಗುತ್ತಾ? ಬಿಚ್ಚು.”

ಅವರು ಕೈಗವಸಿನ ಬಾಯಿ ಸುತ್ತಿ ಒತ್ತಿದರು. ಹೆಬ್ಬೆರಳಿನ ಬುಡದಲ್ಲಿ ಗಾಳಿ ಬುಸ್ಸೆಂದಿತು. ಅಲ್ಲಿ ಕಪ್ಪು ದಾರದ ಏಳು ಹೊಲಿಗೆ, ಅಳತೆ ಹಿಡಿದು ಹಾಕಿದಂತೆ. ನಾನು ನೆಲದ ಮೇಲೆ ಕೂತುಬಿಟ್ಟೆ. ನಿಮ್ಮ ಹೊಲಿಗೆಯನ್ನು ನಾನು ಕಣ್ಣು ಮುಚ್ಚಿ ಗುರುತಿಸಬಲ್ಲೆ, ಅಪ್ಪ.

ಮೊನ್ನೆ ರಜೆಗೆ ಬಂದಿದ್ದಾಗ ನನ್ನ ಚೀಲದಲ್ಲಿ ಕೈಗವಸು ಹರಿದದ್ದು ಕಂಡಿರಬೇಕು. ಹರಿದದ್ದು ಕಂಡರೆ ದರ್ಜಿಯ ಕೈ ಸುಮ್ಮನಿರುವುದಿಲ್ಲ. ಆದರೆ ಈ ಕೈಗವಸನ್ನು ಹೊಲಿಯುವಂತಿಲ್ಲ, ಎಸೆಯಬೇಕು. ಸೂಜಿ ಚುಚ್ಚಿದಷ್ಟು ತೂತು ಸಾಕು, ವಿದ್ಯುತ್ತು ಒಳಗೆ ನುಗ್ಗುತ್ತದೆ. ಇನ್ನು ಮುಂದೆ ಏನು ಕಂಡರೂ ನನ್ನನ್ನು ಕೂಗಿ ಹೇಳಿ.

ಸಾಹೇಬರು ಲಿಖಿತ ವಿವರಣೆ ಕೇಳಿದರು. ಪರೀಕ್ಷಿಸದೆ ತೊಟ್ಟೆ, ತಪ್ಪು ನನ್ನದು ಎಂದು ಬರೆದುಕೊಟ್ಟೆ. ಅದು ಸುಳ್ಳಲ್ಲ. ಹೊಲಿಗೆ ಯಾರದೆಂದು ಬರೆಯಲಿಲ್ಲ.

ಅಮ್ಮನಿಗೆ ಹೇಳಬೇಡಿ. ನೀವೂ ಅಂಗಡಿ ಮುಚ್ಚಿ ಕೂರಬೇಡಿ. ಬರವಣಿಗೆ ಸೊಟ್ಟಗಿದೆ. ಆದರೆ ಎರಡೂ ಕೈ ಇವೆ, ಅಪ್ಪ. ಇದನ್ನು ನಾನೇ ಬರೆದಿದ್ದೇನೆ.

ನಿಮ್ಮ ಮಗಳು