ಕಾರ್ನರಿನಲ್ಲಿ ಖಾಲಿ ಬಿಟ್ಟ ಜಾಗ

ಗೋಕಾಕ
ಭಾದ್ರಪದ ಬಹುಳ ದಶಮಿ, ಸನ್ ೧೯೩೮

ಮನೆಯವರ ಪಾದಗಳಿಗೆ ಪದ್ಮವ್ವ ಮಾಡುವ ನಮಸ್ಕಾರಗಳು. ಜಯ ಜಿನೇಂದ್ರ.

ನಿಮ್ಮ ಕೆಮ್ಮು ಈಗ ಹೇಗಿದೆ? ಕಷಾಯ ಕುಡಿದು ವಾಸಿಯಾಯಿತು ಎಂದು ಹೋದ ಕಾಗದದಲ್ಲಿ ಬರೆದಿದ್ದಿರಿ. ಕಷಾಯ ಕಾಸಿಕೊಟ್ಟವರು ಯಾರು ಎಂದು ಮಾತ್ರ ಬರೆಯಲಿಲ್ಲ. ಇರಲಿ, ವಾಸಿಯಾದರೆ ಸಾಕು. ಅತ್ತೆಯವರು ದಶಲಕ್ಷಣ ಪರ್ವದ ಹತ್ತೂ ದಿನ ಒಪ್ಪೊತ್ತು ಮಾಡಿ ಸ್ವಲ್ಪ ಸೊರಗಿದ್ದಾರೆ, ಗಾಬರಿಯಾಗುವಂಥದ್ದೇನಿಲ್ಲ. ದಿನಕ್ಕೊಮ್ಮೆಯಾದರೂ ಬಾಗಿಲಿಗೆ ಬಂದು "ಬೆಲ್ಲದ ವ್ಯಾಪಾರ ಕಲಿಯಾಕ ಯುಗಾದಿಗೆ ಕೊಲ್ಲಾಪುರಕ್ಕ ಹೋದಾಂವ, ಇನ್ನೂ ಕಲಿಯಾಕತ್ತಾನ?" ಎನ್ನುತ್ತಾರೆ. ನಾನು ಬೆಲ್ಲ ಅಷ್ಟು ಬೇಗ ಹದಕ್ಕೆ ಬರುವುದಿಲ್ಲ ಅತ್ತೆಯವರೇ ಎಂದು ನಕ್ಕು ಒಳಗೆ ಹೋಗುತ್ತೇನೆ. ಒಳಗೆ ಹೋದ ಮೇಲೆ ನಗು ಬರುವುದಿಲ್ಲ.

ಹುಕ್ಕೇರಿಯವರ ಜೊತೆಗಿನ ಫುಟ್‌ಬಾಲ್ ಏನಾಯಿತು ಎಂದು ಕೇಳಿದ್ದಿರಿ. ಸೋತೆವು, ಗೆದ್ದವರಿಗೆ ಕೊಡುವ ಬೆಳ್ಳಿಯ ಢಾಲು ಹುಕ್ಕೇರಿಗೆ ಹೋಯಿತು. ಹೇಗೆ ಹೋಯಿತು ಎಂಬುದನ್ನು ನಿಮ್ಮ ತಮ್ಮ ಭೂಪಾಲ ಒಂದು ಥರ ಬರೆದಿರುತ್ತಾನೆ, ನಿಮ್ಮ ತಾತ್ಯಾಸಾಹೇಬ ಕಾಕಾ ಇನ್ನೊಂದು ಥರ ಬರೆದಿರುತ್ತಾರೆ. ಕಣ್ಣಾರೆ ಕಂಡವಳು ನಾನು, ಆದ್ದರಿಂದ ನನ್ನ ಮಾತನ್ನೂ ಕೇಳಿ. ನೀವಿದ್ದಾಗ ಯಾವ ಚಿಂತೆಯೂ ಇರಲಿಲ್ಲ. ಚೆಂಡು ನಮ್ಮವರ ಕಾಲಿಗೆ ತಗುಲಿ ನಮ್ಮದೇ ಗೋಲಿನ ಪಕ್ಕದ ಗೆರೆ ದಾಟಿದರೆ ಎದುರಿನವರು ಮೂಲೆಯಿಂದ ಒದೆಯುತ್ತಾರೆ, ಅದಕ್ಕೆ ಕಾರ್ನರ್ ಎನ್ನುತ್ತಾರೆ ಎಂದು ನೀವೇ ಅಡುಗೆಮನೆಯಲ್ಲಿ ಲಿಂಬೆಹಣ್ಣು ಇಟ್ಟು ನನಗೆ ಹೇಳಿಕೊಟ್ಟಿದ್ದಿರಿ. ಆಗ ಒಬ್ಬೊಬ್ಬರು ಒಬ್ಬೊಬ್ಬನನ್ನು ಹಿಡಿಯಬೇಕು ಎಂಬುದು ನಿಮ್ಮ ಪದ್ಧತಿ. ಹುಕ್ಕೇರಿಯ ಆ ಎತ್ತರದ ಬೀರಸಿದ್ದಪ್ಪ ಎಲ್ಲಿಗೆ ಹೋದರೂ ನೀವು ಅವನ ಬೆನ್ನಿಗೆ ಅಂಟಿಕೊಂಡೇ ಇರುತ್ತಿದ್ದಿರಿ. ಮೂಡಲಗಿಯ ಆಟದಲ್ಲಿ ಒಮ್ಮೆ ಅವರ ಕಡೆಯವನೊಬ್ಬ ನೀರು ಕುಡಿಯಲು ಹೋದರೆ ನೀವೂ ಹಿಂದೆ ಹೋದಿರಿ ಎಂದು ಊರೆಲ್ಲ ನಕ್ಕಿತ್ತು. ಅಷ್ಟು ಹಿಡಿತದ ಮನುಷ್ಯ ನೀವು.

ನೀವಿಲ್ಲದ ಮೇಲೆ ಬೀರಸಿದ್ದಪ್ಪನನ್ನು ಹಿಡಿಯುವವರಾರು ಎಂದು ನಮ್ಮ ಪಡಸಾಲೆಯಲ್ಲೇ ಪಂಚಾಯಿತಿ ನಡೆಯಿತು. ಬಣ್ಣಗಾರ ಗಫಾರಣ್ಣ ಒಂದು ಹೊಸ ಮಾತು ತೆಗೆದ. "ಯಾರೂ ಯಾರನ್ನೂ ಹಿಡಿಯೂದು ಬ್ಯಾಡ. ಜ್ವಾಳದ ಹೊಲಾ ಕಾಯಾವರು ಹಕ್ಕಿ ಹಿಂದ ಓಡ್ತಾರೇನ್ರಿ? ತಮ್ಮ ತಮ್ಮ ಪಟ್ಟಿ ಕಾಯ್ತಾರ. ಗೋಲಿನ ಮುಂದಿನ ಜಾಗಾ ಹಂಚ್ಕೊಳ್ಳೂಣು. ಚೆಂಡು ಯಾರ ಪಟ್ಟಿಗೆ ಬರ್ತೈತಿ, ಅಂವಾ ಒದೀಲಿ" ಎಂದ. ತಾತ್ಯಾಸಾಹೇಬ ಕಾಕಾ ತಲೆಯಾಡಿಸಿ, "ಬೀರಸಿದ್ದಪ್ಪ ಹಕ್ಕಿ ಅಲ್ಲೋ, ಕಳ್ಳ. ಕಳ್ಳನ್ನ ಹಿಡದರ ಹೊಲಾ ಉಳೀತೈತಿ" ಎಂದರು. ಕೊನೆಗೆ ಹಿಡಿಯುವ ಗಟ್ಟಿಗ ಇಲ್ಲದ್ದರಿಂದ ಗಫಾರಣ್ಣನ ಮಾತೇ ನಿಂತಿತು. ಗೋಲಿನ ದೂರದ ಕಂಬದ ಜಾಗ ಕಾಕಾ ಅವರ ಪಾಲಿಗೆ ಬಂತು.

ಗಫಾರಣ್ಣನ ಹೆಂಡತಿ ಮೆಹರುನಬಿಯ ತವರು ಹುಕ್ಕೇರಿ ಎಂಬುದು ನಿಮಗೆ ಗೊತ್ತೇ ಇದೆ. ಜನ ಆಗಲೇ ಗುಸುಗುಸು ಆರಂಭಿಸಿದ್ದರು. ನನಗೂ ಅವನ ಮೇಲೆ ಸಂಶಯವಿತ್ತು, ಆದರೆ ನನ್ನ ಸಂಶಯದ ದಾರಿ ಬೇರೆ. ಬಣ್ಣ ತರಲು ಕೊಲ್ಲಾಪುರಕ್ಕೆ ಬಂದಿದ್ದವನು ನಿಮ್ಮನ್ನು ಕಂಡು ಬಂದ. ಭೂಪಾಲನಿಗೆಂದು ನೀವು ಕೊಟ್ಟ ನಿಮ್ಮ ಆಟದ ಅಂಗಿಯನ್ನು ನನ್ನ ಕೈಗೆ ಕೊಡುವಾಗ ನೆಲ ನೋಡಿದ. ಹೇಗಿದ್ದಾರೆ ಎಂದರೆ "ಆರಾಮ ಅದಾರ್ರಿ ವೈನಿ" ಎಂದಷ್ಟೇ ಹೇಳಿ ಚಹಾ ಕೂಡ ಕುಡಿಯದೆ ಹೋದ. ಮಾತಿನ ಮಲ್ಲ ಗಫಾರ ಒಂದೇ ಮಾತಿಗೆ ನಿಲ್ಲಿಸಿದರೆ ಏನು ತಿಳಿಯಬೇಕು? ಆ ಅಂಗಿಯನ್ನು ಒಗೆಯಲು ಎತ್ತಿಕೊಂಡರೆ ಬೆಳ್ಳುಳ್ಳಿಯ ವಾಸನೆ. ನಮ್ಮ ಮನೆಯ ಹೊಸ್ತಿಲನ್ನು ಬೆಳ್ಳುಳ್ಳಿ ದಾಟಿಲ್ಲ. ಖಾನಾವಳಿಯವರು ಹಾಕುತ್ತಾರೆ, ಏನು ಮಾಡಲಿ ಎನ್ನುತ್ತೀರಿ, ಒಪ್ಪಿದೆ. ಆದರೆ ಕೊರಳಿನ ಗುಂಡಿಯನ್ನು ಯಾರೋ ಹೊಸದಾಗಿ ಹೊಲಿದಿದ್ದಾರೆ. ನಾನು ದಾರವನ್ನು ನೇರ ಎಳೆಯುತ್ತೇನೆ, ಅದು ಅಡ್ಡಡ್ಡ ಎಳೆದ ಹೊಲಿಗೆ. ಖಾನಾವಳಿಯವರು ಗುಂಡಿಯನ್ನೂ ಹೊಲಿದುಕೊಡುತ್ತಾರೆಯೇ? ಅದರ ಮೇಲೆ ಹೋದ ಕಾಗದದಲ್ಲಿ, ನಾನು ಏನೂ ಕೇಳದಿದ್ದರೂ, ಇಲ್ಲಿ ನಾನು ಒಬ್ಬನೇ ಇರುತ್ತೇನೆ ಎಂದು ಎರಡು ಸಲ ಬರೆದಿದ್ದೀರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕೇಳಿದ್ದೇನೆ. ಯಾರೂ ಕಳ್ಳ ಎನ್ನದೆ ಇರುವಾಗಲೇ ಮುಟ್ಟಿಕೊಂಡರೆ ಏನೆನ್ನಬೇಕೋ ತಿಳಿಯದು.

ಆಟದ ದಿನ ಹೊಳೆಯ ದಂಡೆಯ ಬಯಲಿಗೆ ಅತ್ತೆಯವರೂ ನಾನೂ ಚಕ್ಕಡಿ ಕಟ್ಟಿಸಿಕೊಂಡು ಹೋಗಿದ್ದೆವು, ಬುತ್ತಿಯ ಸಲುವಾಗಿ. ಕಾಕಾ ಈ ಚಾತುರ್ಮಾಸದಲ್ಲಿ ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ ಎಂದು ವ್ರತ ಹಿಡಿದಿದ್ದಾರೆ. ಹುಕ್ಕೇರಿಯವರಿಗೆ ಅದು ಹೇಗೆ ತಿಳಿಯಿತೋ, ಬೇಕೆಂದೇ ಆಟವನ್ನು ಜಗ್ಗಿದರು ಎಂದೇ ನನ್ನ ಗುಮಾನಿ. ಒಬ್ಬ ಕಾಲು ಉಳುಕಿತು ಎಂದು ಕೂತ, ಇನ್ನೊಬ್ಬ ಚೆಂಡನ್ನು ಹೊಳೆಗೆ ಒದ್ದ. ಅಷ್ಟಾದರೂ ಗಫಾರಣ್ಣನ ಪದ್ಧತಿ ಚೆನ್ನಾಗಿಯೇ ನಡೆದಿತ್ತು. ಕಾರ್ನರಿನ ಮೇಲೆ ಕಾರ್ನರ್ ಬಂದರೂ ಯಾರ ಪಟ್ಟಿಯಲ್ಲಿ ಚೆಂಡು ಬಿದ್ದರೆ ಅವರು ಹೊರಗೆ ಒದೆಯುತ್ತಿದ್ದರು. ಬೀರಸಿದ್ದಪ್ಪ ಸುಮ್ಮನೆ ಅತ್ತಿತ್ತ ಓಡಿ ಬೆವರಿದ. ಎರಡೂ ಕಡೆ ಒಂದೂ ಗೋಲಾಗದೆ ಇನ್ನೇನು ಆಟ ಮುಗಿಯಬೇಕು, ಮತ್ತೊಂದು ಕಾರ್ನರ್ ಬಂತು. ಚೆಂಡು ತರಲು ಯಾರೋ ಹೋಗಿದ್ದರು. ಅಷ್ಟರಲ್ಲಿ ಕಾಕಾ ಲಗುಬಗೆಯಿಂದ ಚಕ್ಕಡಿಯ ಹತ್ತಿರ ಬಂದರು. "ಪದ್ಮವ್ವಾ, ಬುತ್ತಿ ಬಿಚ್ಚ. ಹೊತ್ತು ಮುಳಗಾಕ ಬಂತು" ಎಂದರು. ನಿಮ್ಮ ಜಾಗ ಕಾಯುವವರಾರು ಕಾಕಾ ಎಂದೆ. "ಯಾರರ ನೋಡ್ಕೊಂತಾರ ತಗೋ" ಎಂದು ರೊಟ್ಟಿ ಮುರಿದರು.

ನಿಮ್ಮ ಪದ್ಧತಿಯಾಗಿದ್ದರೆ ಬೀರಸಿದ್ದಪ್ಪ ಒಬ್ಬನೇ ನಿಂತಿದ್ದು ಕಂಡು ಯಾರಾದರೂ ಕೂಗುತ್ತಿದ್ದರು. ಇಲ್ಲಿ ಎಲ್ಲರೂ ತಮ್ಮ ತಮ್ಮ ಪಟ್ಟಿಯಲ್ಲಿ ನೆಟ್ಟಗೆ ನಿಂತಿದ್ದರು, ಪಕ್ಕದ ಪಟ್ಟಿ ಖಾಲಿ ಇದೆ ಎಂದು ಯಾರೂ ತಿರುಗಿ ನೋಡಲಿಲ್ಲ. ಚೆಂಡು ಸೀದಾ ದೂರದ ಕಂಬಕ್ಕೆ ಬಂತು. ಬೀರಸಿದ್ದಪ್ಪ ಆರಾಮವಾಗಿ ಹಣೆ ಕೊಟ್ಟ. ಗೋಲು ಕಾಯುತ್ತಿದ್ದ ಭೂಪಾಲ ಹಾರಿದ್ದಷ್ಟೇ ಬಂತು. ನಿಮ್ಮ ಅಂಗಿ ಕೆಸರಾಯಿತು.

ಜನ ಗಫಾರಣ್ಣನ ಮೇಲೆ ಬಿದ್ದರು. ಬೇಲಿಯೇ ಎದ್ದು ಹೊಲ ಮೇಯಿತು, ಹುಕ್ಕೇರಿಯ ಅಳಿಯ ಹುಕ್ಕೇರಿಗೇ ಮಾರಿಕೊಂಡ ಎಂದು ಕೊರಳಪಟ್ಟಿ ಹಿಡಿದು ಎಳೆದಾಡಿದರು. ಅವನು "ನನ್ನ ಪಟ್ಟಿಗೆ ಚೆಂಡ ಬಂದಿಲ್ರಿ" ಎಂದು ಕೈ ಮುಗಿಯುತ್ತಿದ್ದ. ಕಾಕಾ ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ತೆಪ್ಪಗಿದ್ದರು. ಖರೆ ಹೇಳುತ್ತೇನೆ, ಗಫಾರಣ್ಣನಿಗೆ ನಾಲ್ಕು ಬೀಳಲಿ ಎಂದು ನನಗೂ ಒಂದು ಕ್ಷಣ ಅನಿಸಿತು, ನೆಲ ನೋಡಿದ್ದನಲ್ಲ. ಆದರೆ ಕಂಡದ್ದನ್ನು ನುಂಗುವುದು ಹೇಗೆ? ಭೂಪಾಲನನ್ನು ಕರೆದು ಎಲ್ಲರಿಗೂ ಕೇಳುವಂತೆ, ಕಾಕಾ ಎಲ್ಲಿದ್ದರು ಎಂಬುದನ್ನು ಹೇಳಿಬಿಟ್ಟೆ. ಗದ್ದಲ ಅಡಗಿತು. ಅಂದಿನಿಂದ ಕಾಕಾ ನನ್ನ ಕೈಯ ನೀರನ್ನೂ ಕುಡಿದಿಲ್ಲ.

ಮಾರನೆಯ ದಿನ ಗಫಾರಣ್ಣ ಮೆಹರುನಬಿಯನ್ನು ಕರೆದುಕೊಂಡು ಬಂದ. ಈ ಸಲ ಚಹಾ ಕುಡಿದ. ಬಟ್ಟಲು ಕೆಳಗಿಟ್ಟು, ಹೋಗುವಾಗ ಮುಖ ನೋಡಿ ಹೇಳಿದ: "ವೈನಿ, ಎಲ್ಲಾ ಕಡೆ ಜಾಗಾ ಕಾದರ ಸಾಲೂದಿಲ್ರಿ, ಕೆಲವು ಕಡೆ ಮನಷ್ಯಾನ್ನ ಹಿಡೀಬೇಕಾಗ್ತೈತಿ. ಒಮ್ಮೆ ಕೊಲ್ಲಾಪುರಕ್ಕ ಹೋಗಿ ಬರ್ರಿ." ಯಾಕೆ ಎಂದು ಕೇಳಿದೆ. ಅವನು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದ. ಮೆಹರುನಬಿ ನನ್ನ ಕೈ ಹಿಡಿದುಕೊಂಡಳು.

ಯುಗಾದಿಯಿಂದ ನಾನು ನನ್ನ ಪಟ್ಟಿಯನ್ನು ಚೆನ್ನಾಗಿ ಕಾದಿದ್ದೇನೆ. ಅತ್ತೆಯವರು, ಅಂಗಡಿ, ದನಕರು, ಬಸದಿಯ ದೀಪ, ಯಾವುದಕ್ಕೂ ಕೊರತೆ ಮಾಡಿಲ್ಲ. ನಿಮ್ಮನ್ನು ಯಾರಾದರೂ ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಯಾರೋ ನೋಡಿಕೊಳ್ಳುತ್ತಿರುವಂತೆಯೇ ಕಾಣುತ್ತದೆ. ನನ್ನ ಸಂಶಯ ಸುಳ್ಳಾದರೆ ನಿಮ್ಮ ಎದುರು ಕಿವಿ ಹಿಡಿದು ನಿಲ್ಲುತ್ತೇನೆ. ಸುಳ್ಳಾಗಲಿ ಎಂದು ದಿನಾ ಬಸದಿಯಲ್ಲಿ ಬೇಡುತ್ತೇನೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಭೂಪಾಲ ನಮಸ್ಕಾರ ಹೇಳಿದ್ದಾನೆ. ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿರಿ, ಮೈ ಕಾಪಾಡಿಕೊಳ್ಳಿರಿ.

ಇಂತು ನಿಮ್ಮ ಮನೆಯಾಕೆ,
ಪದ್ಮವ್ವ

ತಾ.ಕ.: ಈ ಕಾಗದವನ್ನು ಟಪಾಲಿಗೆ ಹಾಕಿಲ್ಲ. ಗಫಾರಣ್ಣನ ಕೈಯಲ್ಲಿ ನಿಮ್ಮ ಬೆಲ್ಲದ ಅಂಗಡಿಗೆ ಕಳಿಸುತ್ತಿದ್ದೇನೆ. ಅತ್ತೆಯವರೇ ನನಗೆ ಕೊಲ್ಲಾಪುರಕ್ಕೆ ಹೋಗು ಎಂದರು. ಮೆಹರುನಬಿಯೂ ಭೂಪಾಲನೂ ನನ್ನ ಜೊತೆಗಿದ್ದಾರೆ. ದಾರಿಯಲ್ಲಿ ಹತ್ತರಗಿ ಎಂಬಲ್ಲಿ ಮೋಟಾರು ನಿಂತಾಗ ಈ ನಾಲ್ಕು ಸಾಲು ಗೀಚುತ್ತಿದ್ದೇನೆ. ನೀವು ಇದನ್ನು ಓದುವ ಹೊತ್ತಿಗೆ ನಿಮ್ಮ ಬಿಡಾರದ ಬಾಗಿಲ ಮುಂದೆ ಕೂತಿರುತ್ತೇನೆ. ಬಾಗಿಲು ತಟ್ಟುವುದಿಲ್ಲ. ನೀವೇ ಬಂದು ಬೀಗ ತೆಗೆಯಿರಿ, ಒಳಗಿನಿಂದ ಯಾರೂ ತೆಗೆಯದಿರಲಿ.